ಒಲೆ ಎಲ್ಲಿ, ಮಗು ಎಲ್ಲಿ

ಜೂನ್ 9, 2024, ಭಾನುವಾರ
ಮೈಸೂರು

ಹೊಸ ಅಡುಗೆಮನೆಯ ನಕ್ಷೆ ಕೊನೆಗೂ ಒಂದು ಹದಕ್ಕೆ ಬಂತು. ನಾಳೆ ಗ್ರಾನೈಟ್‌ನವರಿಗೆ ಅಳತೆ ಕೊಡಬೇಕು. ಮಾಡ್ಯುಲರ್ ಕಿಚನ್ ಅಂಗಡಿಯವರು ಕೊಟ್ಟ ಪುಸ್ತಕದಲ್ಲಿ ಚಿತ್ರಗಳೇನೋ ಚೆನ್ನಾಗಿವೆ. ಆದರೆ ಒಂದರಲ್ಲೂ ಮಗು ಇಲ್ಲ. ಕುಕ್ಕರೂ ಇಲ್ಲ, ಅದು ಬೇರೆ ಮಾತು.

ಬೆಳಗ್ಗೆ ಏಳು ಗಂಟೆಗೆ ನಮ್ಮನೆಗೆ ಬಂದು ನೋಡಬೇಕು. ಅತ್ತೆ ಸೊಪ್ಪು ಸೋಸ್ತಾ ಇರುತ್ತಾರೆ. ದೊಡ್ಡವಳು ಟಿಫಿನ್ ಡಬ್ಬಿ ಹುಡುಕುತ್ತಾಳೆ. ಮೂರು ವರ್ಷದ ಚಿಕ್ಕವನು ನನ್ನ ಕಾಲಿಗೇ ಅಂಟಿಕೊಂಡಿರುತ್ತಾನೆ. ಹೊರಗೆ ಹೋಗು ಅಂದರೆ ಹೋಗುವ ಮಕ್ಕಳು ಯಾರ ಮನೆಯಲ್ಲಿದ್ದಾರೋ ಗೊತ್ತಿಲ್ಲ. ಅದಕ್ಕೇ ಮೇಸ್ತ್ರಿಗೆ ಹೇಳಿಬಿಟ್ಟೆ, ಮಕ್ಕಳು ಒಳಗೆ ಇದ್ದೇ ಇರುತ್ತಾರೆ ಅಂದುಕೊಂಡು ಕಟ್ಟಿ ಅಂತ.

ಮೊದಲು ಒಲೆ. ಬಾಗಿಲಿಂದ ದೂರ ಇರಬೇಕು, ಓಡಿ ಬಂದ ಮಗು ನೇರ ಒಲೆಯ ಮುಂದೆ ನಿಲ್ಲಬಾರದು. ನಮ್ಮ ಪುಣ್ಯಕ್ಕೆ ದೂರದ ಮೂಲೆಯೇ ಆಗ್ನೇಯ. ಹಾಗಾಗಿ ಅತ್ತೆಯ ವಾಸ್ತುವಿಗೂ ನನಗೂ ಜಗಳ ಆಗಲಿಲ್ಲ. ಒಲೆಯ ಎರಡೂ ಕಡೆ ಒಂದೂವರೆ ಅಡಿ ಕಟ್ಟೆ ಖಾಲಿ ಬಿಡಿಸಿದ್ದೇನೆ. ಸಾರಿನ ಪಾತ್ರೆ ಇಳಿಸಿ ಪಕ್ಕಕ್ಕೆ ಸರಿಸಿದರೆ ಆಯಿತು, ಎತ್ತಿಕೊಂಡು ತಿರುಗುವ ಹಾಗಿಲ್ಲ. ಸಿಂಕ್ ಕೂಡ ಅದೇ ಸಾಲಿನಲ್ಲಿ. ಅನ್ನ ಬಸಿಯುವಾಗ ಕುದಿಯುವ ಗಂಜಿ ಹಿಡಿದು ಮಕ್ಕಳು ಓಡಾಡುವ ದಾರಿ ದಾಟುವುದಿದೆಯಲ್ಲ, ನನಗೆ ಚಾಕುಗಿಂತ ಅದರದ್ದೇ ಭಯ. ಫ್ರಿಜ್ ಮಾತ್ರ ಬಾಗಿಲ ಪಕ್ಕಕ್ಕೇ ಬಂತು. ಮೊಸರು, ನೀರು ಬೇಕಾದವರು ಅಲ್ಲಿಂದಲೇ ತಗೊಂಡು ಹೋಗಲಿ.

ಇವತ್ತಿನ ಮಾಡ್ಯುಲರ್ ಕಿಚನ್‌ಗಳಿಗೆಲ್ಲ ಅಜ್ಜಿಯಂಥದ್ದು 1926ರ ಫ್ರಾಂಕ್‌ಫರ್ಟ್ ಕಿಚನ್. ಮಾರ್ಗರೆಟೆ ಶುಟ್ಟೆ-ಲಿಹೊಟ್ಸ್ಕಿ ಅನ್ನುವ ವಿಯೆನ್ನಾದ ವಾಸ್ತುಶಿಲ್ಪಿ ಅದನ್ನು ರೂಪಿಸಿದ್ದು. ಅಗಲ ಎರಡು ಮೀಟರ್ ಕೂಡ ಇರಲಿಲ್ಲ. ಅಡುಗೆ ಮಾಡುವವಳ ಹೆಜ್ಜೆ ಉಳಿಸುವುದೇ ಲೆಕ್ಕ. ಪಕ್ಕದ ಕೋಣೆಯಲ್ಲಿ ಆಡುವ ಮಕ್ಕಳು ಕಾಣಲಿ ಅಂತ ಸರಿಸುವ ಬಾಗಿಲು ಇಟ್ಟಿದ್ದರು. ಜಾಣತನವೇ, ಒಪ್ಪಿದೆ. ಆದರೆ ಆ ಜಾಗ ಒಬ್ಬಳಿಗೇ ಸಾಕಾಗುವಷ್ಟು. ನಮ್ಮಲ್ಲಿ ಒಬ್ಬರೇ ಅಡುಗೆ ಮಾಡಿದ್ದು ಯಾವಾಗ?

ಹಾಗಾಗಿ ಒಲೆಯ ಎದುರು ಗೋಡೆಗೆ ಒಂದು ತಗ್ಗಿನ ಕಟ್ಟೆ ಬರುತ್ತಿದೆ, 18 ಇಂಚು ಎತ್ತರ. ನನಗೆ ತುಂಬಾ ಖುಷಿ ಕೊಟ್ಟಿದ್ದು ಇದೇ. ಅತ್ತೆಗೆ ಅದು ಕೂತು ಬಟಾಣಿ ಬಿಡಿಸುವ ಜಾಗ, ಚಿಕ್ಕವನಿಗೆ ನಿಂತು ಚಪಾತಿ ಹಿಟ್ಟು ಗುದ್ದುವ ಮೇಜು. ಕೆಳಗಿನ ಡ್ರಾಯರ್‌ನಲ್ಲಿ ಸ್ಟೀಲ್ ತಟ್ಟೆ, ಲೋಟ. ತಟ್ಟೆ ಹಾಕುವುದು ಇನ್ನು ಮಕ್ಕಳ ಕೆಲಸ. ಈ ಡ್ರಾಯರ್‌ಗೆ ದುಡ್ಡು ಜಾಸ್ತಿಯಾದರೂ ನಿಧಾನಕ್ಕೆ ಮುಚ್ಚಿಕೊಳ್ಳುವ ಚಾನೆಲ್ಲೇ ಹಾಕಿಸುತ್ತೇನೆ, ಬೆರಳು ಸಿಕ್ಕಿಹಾಕಿಕೊಳ್ಳಬಾರದು. ಆ ದುಡ್ಡಿಗೆ ಮೇಲಿನ ಗಾಜಿನ ಬಾಗಿಲು ಬಿಟ್ಟೆ. ಈಳಿಗೆಮಣೆ ಅಟ್ಟಕ್ಕೆ ಹೋಗಲಿ ಅಂದೆ, ಅತ್ತೆ ಒಪ್ಪಲಿಲ್ಲ. ಕೊನೆಗೆ ಎತ್ತರದ ಮೊಳೆಗೆ ನೇತುಹಾಕುವುದು ಅಂತಾಯಿತು.

ಚಿಕ್ಕವನನ್ನು ಗೋಡೆಗೆ ನಿಲ್ಲಿಸಿ ಟೇಪ್ ಹಿಡಿದು ನೋಡಿದೆ. ದೊಡ್ಡ ಕಟ್ಟೆಯ ಮೂಲೆ ಸರಿಯಾಗಿ ಅವನ ಹಣೆಯ ಮಟ್ಟಕ್ಕೆ ಬರುತ್ತದೆ! ಮೂಲೆಗಳನ್ನು ಗುಂಡಗೆ ಉಜ್ಜಿಸಬೇಕು. ಸಿಲಿಂಡರ್ ಹೊರಗೆ, ಗ್ಯಾಸ್ ಪೈಪಿನ ವಾಲ್ವ್ ಅವನ ಕೈಗೆ ಎಟುಕದಷ್ಟು ಮೇಲೆ. ಒಲೆಯ ಗುಬುಟು ತಿರುಗಿಸುವ ಆಟ ಅವನಿಗೆ ಈಗಾಗಲೇ ಗೊತ್ತು. ಫಿನಾಯಿಲ್, ಆ್ಯಸಿಡ್ ಎಲ್ಲರ ಮನೆಯಲ್ಲೂ ಸಿಂಕ್ ಕೆಳಗೇ ಇರುತ್ತವೆ, ಅಂದರೆ ಮಗುವಿನ ಮೂಗಿನ ನೇರಕ್ಕೆ. ಅವು ಬಚ್ಚಲಮನೆಯ ಮೇಲಿನ ಶೆಲ್ಫಿಗೆ. ಎಲೆಕ್ಟ್ರಿಷಿಯನ್ ಸುಮ್ನೆ ಖರ್ಚು ಅಂದರೂ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದ ಕೂಡಲೇ ತಾನಾಗಿ ಆಫ್ ಆಗುವ ಸ್ವಿಚ್) ಬೇಕೇ ಬೇಕು ಅಂದೆ. ಒದ್ದೆ ಕೈ, ಮಿಕ್ಸಿ, ಮಕ್ಕಳು ಮೂರೂ ಒಟ್ಟಿಗಿರುವ ಜಾಗ ಅಲ್ವಾ.

ದೊಡ್ಡ ಕಟ್ಟೆಯ ಎತ್ತರಕ್ಕೆ ಮಾತ್ರ ರಾತ್ರಿ ಊಟದವರೆಗೂ ಚರ್ಚೆ. ಅತ್ತೆಗೆ 32 ಇಂಚು ಸಾಕು. ಭಾನುವಾರ ಮಾತ್ರ ದೋಸೆ ಹೊಯ್ಯುವ ಇವರಿಗೆ 36 ಬೇಕಂತೆ, ಸೊಂಟ ನೋಯುತ್ತದಂತೆ. ಮೊಣಕೈ ಮಡಚಿ ನಿಂತಾಗ ಅದಕ್ಕಿಂತ ನಾಲ್ಕಾರು ಇಂಚು ಕೆಳಗಿರಬೇಕು ಅನ್ನುವುದು ಲೆಕ್ಕ. ಯಾರ ಮೊಣಕೈ ಅಂತ ಕೇಳಿದರು. ದಿನಾ ಅಡುಗೆ ಮಾಡುವವರದ್ದು ಅಂದೆ. 33½ ಅಂತ ಬರೆದುಕೊಂಡಿದ್ದೇನೆ.