ಇಫ್ಲಿ ಚರ್ಚ್ ಮಾದರಿ: ಪಶ್ಚಿಮದ ಗೋಡೆ ನಿಂತಿತು

ಇಫ್ಲಿಯ ಸೇಂಟ್ ಮೇರಿ ಚರ್ಚ್‌ನ ಕಾರ್ಡ್‌ಬೋರ್ಡ್ ಮಾದರಿ ಅರ್ಧಕ್ಕಿಂತ ಜಾಸ್ತಿ ಮುಗಿದಿದೆ. ಗೋಪುರ ಮತ್ತು ಚಾನ್ಸಲ್ (ಪೂಜಾಪೀಠ ಇರುವ ಭಾಗ) ಮೊದಲೇ ಆಗಿದ್ದವು, ಈ ವಾರ ಪಶ್ಚಿಮದ ಗೋಡೆಯೂ ಸೇರಿತು. ಹೊಸಬರಿಗೆ ಹೇಳಬೇಕೆಂದರೆ, ಇದು ಆಕ್ಸ್‌ಫರ್ಡ್‌ನಲ್ಲಿ ಥೇಮ್ಸ್ ಪಕ್ಕದಲ್ಲಿರುವ ಸಣ್ಣ ಚರ್ಚ್, ಕಟ್ಟಿದ್ದು 1160ರ ಆಸುಪಾಸಿನಲ್ಲಿ. ಜನ ಕೂರುವ ನೇವ್, ನಡುವೆ ಗೋಪುರ, ಪೂರ್ವಕ್ಕೆ ಚಾನ್ಸಲ್, ಮೂರೂ ಒಂದೇ ಸಾಲಿನಲ್ಲಿ. ನನ್ನ ಅಳತೆ 1:100. ಪ್ರತಿ ಕಾಲಕ್ಕೂ ಬೇರೆ ಬಣ್ಣದ ಕಾರ್ಡ್ ಇಟ್ಟಿದ್ದೇನೆ: 12ನೇ ಶತಮಾನ ಕೆನೆಬಣ್ಣ, 13 ನೀಲಿ, 15 ಹಸಿರು, 19 ಕೆಂಪು. ಒಂದೊಂದೇ ಬಣ್ಣ ಕಳಚುತ್ತಾ ಹೋದರೆ ಹಳೆಯ ಚರ್ಚ್ ಕಾಣಬೇಕು, ಅದೇ ಆಸೆ.

ಚಾನ್ಸಲ್‌ನಲ್ಲಿ ತಲೆಬಿಸಿ ಇರಲಿಲ್ಲ. ಮೊದಲಿದ್ದ ಒಂದು ಅಂಕಣಕ್ಕೆ (ಎರಡು ಕಮಾನುಗಳ ನಡುವಿನ ಭಾಗಕ್ಕೆ) 13ನೇ ಶತಮಾನದಲ್ಲಿ ಪೂರ್ವಕ್ಕೆ ಇನ್ನೊಂದು ಸೇರಿಸಿದ್ದಾರೆ. ಅಂಕುಡೊಂಕು ಕೆತ್ತನೆಯ ದಪ್ಪ ಕಮಾನು ಮುಗಿದು ಸಪೂರ ಚೂಪು ಕಿಟಕಿಗಳು ಶುರುವಾಗುವ ಜಾಗದಲ್ಲೇ ಕೆನೆ ನಿಂತು ನೀಲಿ ಬರುತ್ತದೆ.

ಪಶ್ಚಿಮದ ಗೋಡೆ ಮಾತ್ರ ಸತಾಯಿಸಿತು. ಬಾಗಿಲ ಮೇಲೆ ದುಂಡು ಕಿಟಕಿ ಇದೆ, ನೋಡಿದರೆ ಪಕ್ಕಾ ನಾರ್ಮನ್, ಅಂದರೆ 12ನೇ ಶತಮಾನದ ದುಂಡು ಕಮಾನಿನ ಶೈಲಿ. ಆದರೆ ಅದನ್ನು ಕೂರಿಸಿದ್ದು 1856ರಲ್ಲಿ, ವಾಸ್ತುಶಿಲ್ಪಿ ಜೆ. ಸಿ. ಬಕ್ಲರ್. ಅದಕ್ಕೆ ಮುಂಚೆ ಅಲ್ಲಿ ದೊಡ್ಡದಾದ ಚೂಪು ಕಮಾನಿನ ಕಿಟಕಿ ಇತ್ತು, ಹಳೆಯ ದುಂಡು ಕಿಟಕಿಯನ್ನು ಒಡೆದು ಮಾಡಿದ್ದು. ಮೊದಲಿನ ವೃತ್ತದ ಗುರುತು ಗೋಡೆಯಲ್ಲಿ ಉಳಿದಿದ್ದರಿಂದ ಬಕ್ಲರ್ ಅದನ್ನೇ ಹಿಡಿದು ವಾಪಸ್ ದುಂಡಗೆ ಮಾಡಿದರು. ಹಾಗಾದರೆ ಇದಕ್ಕೆ ಕೆನೆಯೋ ಕೆಂಪೋ? ನಾನು ಕೆಂಪು ಹಾಕಿದೆ. ಆಕಾರ 12ನೇ ಶತಮಾನದ್ದೇ ಇರಬಹುದು, ಕಲ್ಲು ಕೆತ್ತಿದ ಕೈ ಅಲ್ಲವಲ್ಲ! ಚೂಪು ಕಿಟಕಿಯನ್ನೂ ಹಸಿರು ಕಾರ್ಡ್‌ನಲ್ಲಿ ಮಾಡಿಟ್ಟಿದ್ದೇನೆ, ಬೇಕಾದಾಗ ಬದಲಿಸಬಹುದು. ನೇವ್‌ನ ಛಾವಣಿಗೂ ಇದೇ ಉಪಾಯ: 15ನೇ ಶತಮಾನದಲ್ಲಿ ಅದನ್ನು ತಗ್ಗಿಸಿದ್ದರು, 19ರಲ್ಲಿ ಮತ್ತೆ ಕಡಿದಾಗಿ ಎತ್ತಿದರು, ಹಾಗಾಗಿ ನನ್ನ ಹತ್ತಿರ ಎರಡು ಛಾವಣಿ.

ಪಶ್ಚಿಮದ ಬಾಗಿಲನ್ನು 1:100ರಲ್ಲಿ ಮಾಡುವುದು ಸುಮ್ನೆ ಕಣ್ಣಿಗೆ ಶಿಕ್ಷೆ. ಕೊಕ್ಕಿರುವ ತಲೆಗಳು ಸಾಲಾಗಿ ಕಮಾನಿನ ದುಂಡು ಪಟ್ಟಿಯನ್ನು ಕಚ್ಚಿ ಹಿಡಿದಿವೆ, ಕಮಾನು ಮುಗಿದರೂ ಬಿಡದೆ ಎರಡೂ ಪಕ್ಕ ಕೆಳಗಿನವರೆಗೆ ಇಳಿದಿವೆ. ಅದನ್ನು 1:20ರಲ್ಲಿ ಬೇರೆ ಹಲಗೆಯಾಗಿ ಮಾಡುತ್ತಿದ್ದೇನೆ, ಒಣಗುವ ಜೇಡಿಮಣ್ಣಿನಲ್ಲಿ. ಕೊಕ್ಕನ್ನು ಮೊದಲು ಎಳೆದು ಪಟ್ಟಿಯ ಮೇಲೆ ಒತ್ತಿ, ಕಣ್ಣನ್ನು ಕೊನೆಗೆ ಸೂಜಿಯಲ್ಲಿ ಚುಚ್ಚಿದರೆ ಮುಖ ಸರಿಯಾಗಿ ಬರುತ್ತದೆ. ಕಣ್ಣು ಮೊದಲು ಮಾಡಿದರೆ ಒತ್ತುವಾಗ ಮುಚ್ಚಿಹೋಗುತ್ತದೆ.

ದಕ್ಷಿಣದ ಬಾಗಿಲ ಕೆತ್ತನೆ ಇನ್ನೂ ಸವೆದಿಲ್ಲ, ಯಾಕೆಂದರೆ 19ನೇ ಶತಮಾನದ ಶುರುವಿನವರೆಗೂ ಅದರ ಮುಂದೆ ಮೊಗಸಾಲೆ ಇದ್ದು ಮಳೆ ತಾಗಿರಲಿಲ್ಲ. ಸಿಂಹದ ಮೇಲೆ ಕೂತ ಬೈಬಲ್‌ನ ಬಲಶಾಲಿ ಸಂಸೋನ, ಕುದುರೆ ಮೇಲೆ ಕಾದಾಡುವ ಯೋಧರು, ಎಲ್ಲ ಸ್ಪಷ್ಟ. ನನಗೆ ಪಶ್ಚಿಮಕ್ಕಿಂತ ಇದೇ ಇಷ್ಟ, ಆದರೆ ಫೋಟೋ ತೆಗೆಯುವವರೆಲ್ಲ ಪಶ್ಚಿಮಕ್ಕೇ ಹೋಗುತ್ತಾರೆ, ಅಲ್ವಾ?

ಆನೊರಾಳ ಕೋಣೆ ಇನ್ನೂ ಬಾಕಿ. 1232ರಿಂದ 1241ರವರೆಗೆ ಚರ್ಚ್‌ಗೆ ಅಂಟಿಕೊಂಡ ಕೋಣೆಯಲ್ಲಿ ಏಕಾಂತವ್ರತದಲ್ಲಿ ಇದ್ದವಳು ಅವಳು, ವಿಲಿಯಂ ಡಿ ಬ್ರೋಸ್ ಎಂಬ ಶ್ರೀಮಂತ ಪ್ರಭುವಿನ ಮಗಳು. ಕೋಣೆ ಈಗ ಇಲ್ಲ. ಚಾನ್ಸಲ್‌ನ ದಕ್ಷಿಣ ಗೋಡೆಯ ಹೊರಗೆ ಮುಚ್ಚಿದ ಕಮಾನೊಂದು ಕಾಣುತ್ತದೆ, ಅದಕ್ಕೆ ಹೊಂದಿಸಿ ಪಾರದರ್ಶಕ ಹಾಳೆಯ ಪೆಟ್ಟಿಗೆ ಅಂಟಿಸುವ ಯೋಚನೆ ಇದೆ. ಬಣ್ಣದ ಕಾರ್ಡ್ ಬೇಡ, ಊಹೆ ಊಹೆಯಾಗಿಯೇ ಕಾಣಲಿ. ಮುಂದಿನ ಕೆಲಸ ಕಪ್ಪು ಟೂರ್ನೇ ಕಲ್ಲಿನ (ಬೆಲ್ಜಿಯಂನ ಟೂರ್ನೇ ಊರಿನದು) ದೀಕ್ಷಾಸ್ನಾನದ ತೊಟ್ಟಿ. ಅದರ ಕಾಲುಗಳಲ್ಲಿ ಒಂದು ಮಾತ್ರ ಬೇರೆ ಥರ ಇದೆ, ಆಮೇಲೆ ಹಾಕಿದ್ದು. ಅದಕ್ಕೂ ಬೇರೆ ಬಣ್ಣ ಬರುತ್ತದೆ.