ಕಲಾವಿದೆ ಹೊರಟರೆ ಸ್ನೇಹಾ ಸಾಯಲೇಬೇಕಿತ್ತೆ?

ನಾನು ಧಾರಾವಾಹಿಗಳ ಬಗ್ಗೆ ಬರೆಯುತ್ತೇನೆಂದು ತಿಳಿದವರು ಮದುವೆಮನೆಯಲ್ಲಿ ಸಿಕ್ಕರೂ ಬಸ್ಸಿನಲ್ಲಿ ಸಿಕ್ಕರೂ ಕೇಳುವ ಪ್ರಶ್ನೆ ಒಂದೇ. ‘ಪುಟ್ಟಕ್ಕನ ಮಕ್ಕಳು’ ಧಾರಾವಾಹಿಯಲ್ಲಿ ಸ್ನೇಹಾಳನ್ನು ಸಾಯಿಸಿದ್ದು ಸರಿಯೇ? ಪಾತ್ರ ಮಾಡುತ್ತಿದ್ದವರೇ ಹೊರಟುಹೋದ ಮೇಲೆ ಬರೆಯುವವರು ಪಾಪ ಇನ್ನೇನು ಮಾಡಬೇಕಿತ್ತು? ಆ ‘ಪಾಪ’ ಎಂಬ ಮಾತು ನನಗೂ ಅರ್ಥವಾಗುತ್ತದೆ. ಆದರೂ ಆ ಪಾತ್ರಕ್ಕೆ ಬೇರೊಬ್ಬ ಕಲಾವಿದೆಯನ್ನು ತರಬೇಕಿತ್ತು, ಸ್ನೇಹಾಳನ್ನು ಉಳಿಸಿಕೊಳ್ಳಬೇಕಿತ್ತು ಎಂಬುದೇ ನನ್ನ ಉತ್ತರ.

ನೋಡದವರಿಗಾಗಿ ಕಥೆಯನ್ನು ಚಿಕ್ಕದಾಗಿ ಹೇಳುತ್ತೇನೆ. 2021ರ ಡಿಸೆಂಬರ್‌ನಲ್ಲಿ ಜೀ ಕನ್ನಡದಲ್ಲಿ ಆರಂಭವಾದ, ಆರೂರು ಜಗದೀಶ್ ನಿರ್ದೇಶನದ ಈ ಧಾರಾವಾಹಿಯಲ್ಲಿ ಉಮಾಶ್ರೀ ಅವರದು ಪುಟ್ಟಕ್ಕನ ಪಾತ್ರ. ಮೂರೂ ಹೆಣ್ಣುಮಕ್ಕಳೇ ಆದರೆಂದು ಗಂಡ ಗೋಪಾಲಯ್ಯ ಅವಳನ್ನು ಬಿಟ್ಟು ಮತ್ತೊಬ್ಬಳನ್ನು ಕಟ್ಟಿಕೊಂಡಿದ್ದಾನೆ. ಅದೇ ಊರಿನಲ್ಲಿ, ಅವನ ಕಣ್ಣೆದುರಿಗೇ, ಮೆಸ್ ನಡೆಸಿ ಸಹನಾ, ಸ್ನೇಹಾ, ಸುಮಾ ಎಂಬ ಮೂವರನ್ನೂ ಪುಟ್ಟಕ್ಕ ಸಾಕುತ್ತಾಳೆ. ನಡುವಿನವಳಾದ ಸ್ನೇಹಾ ಅನ್ಯಾಯ ಕಂಡರೆ ಬಾಯಿ ಮುಚ್ಚಿಕೊಂಡು ಕೂರದ ಹುಡುಗಿ. ಬಡ್ಡಿ ಬಂಗಾರಮ್ಮನನ್ನು ಎದುರಿಸಿದವಳು, ಅವಳ ಮಗ ಕಂಠಿಯನ್ನೇ ಮದುವೆಯಾದವಳು, ಓದಿ ಜಿಲ್ಲಾಧಿಕಾರಿಯಾದವಳು. ಆರಂಭದಿಂದ ಆ ಪಾತ್ರ ಮಾಡಿದ್ದ ಸಂಜನಾ ಬುರ್ಲಿ 2024ರ ಕೊನೆಯ ಹೊತ್ತಿಗೆ ಧಾರಾವಾಹಿಯಿಂದ ಹೊರಬಂದಾಗ, ಕಥೆಯಲ್ಲಿ ಸ್ನೇಹಾ ತೀರಿಕೊಂಡಳು.

ನನ್ನ ತಕರಾರು ಇಲ್ಲಿಂದ ಆರಂಭವಾಗುತ್ತದೆ. ಬೇರೆ ಬಹಳಷ್ಟು ಧಾರಾವಾಹಿಗಳಲ್ಲಿ ನಾಯಕಿಯೆಂದರೆ ನಾಯಕನ ಜೋಡಿ. ಅವಳು ಸತ್ತರೆ ಮುರಿಯುವುದು ಒಂದು ಪ್ರೇಮಕಥೆ. ಸ್ನೇಹಾ ಮೊದಲು ಪುಟ್ಟಕ್ಕನ ಮಗಳು, ಆಮೇಲೆ ಕಂಠಿಯ ಹೆಂಡತಿ. ‘ಮೂರೂ ಹೆಣ್ಣೇ’ ಎಂದು ಬಿಟ್ಟುಹೋದ ಗಂಡನಿಗೆ ಪುಟ್ಟಕ್ಕ ಬಾಯಲ್ಲಿ ಕೊಡದ ಉತ್ತರವನ್ನು ಆ ಹುಡುಗಿ ತನ್ನ ಓದಿನಿಂದ, ತನ್ನ ಹುದ್ದೆಯಿಂದ ಕೊಟ್ಟಿದ್ದಳು. ಎಷ್ಟೋ ಸಂಜೆ ಟಿವಿಯ ಮುಂದೆ ಕುಳಿತು ನಾವು ಕಾದದ್ದು ಆ ಉತ್ತರಕ್ಕಾಗಿ. ಅದು ಕೈಗೆ ಬಂದ ಸ್ವಲ್ಪ ಕಾಲದಲ್ಲೇ ಅವಳನ್ನು ಚಿತೆಗೇರಿಸಿದಾಗ, ನಿನ್ನ ದುಡಿಮೆಯ ಫಲವನ್ನು ನಿನ್ನ ಕೈಯಲ್ಲಿ ಇರಗೊಡುವುದಿಲ್ಲ ಎಂದು ಪುಟ್ಟಕ್ಕನಿಗೆ ಹೇಳಿದಂತಾಯಿತು. ಉಮಾಶ್ರೀ ಆ ದುಃಖವನ್ನು ಅಭಿನಯಿಸಿದ ರೀತಿಯನ್ನು ನೋಡಿ ನಾನೂ ಅತ್ತಿದ್ದೇನೆ. ಒಬ್ಬ ದೊಡ್ಡ ಕಲಾವಿದೆ ನಮ್ಮನ್ನು ಅಳಿಸಬಲ್ಲರು ಎಂಬುದರಿಂದ ಆ ತಿರುವು ಸರಿಯಾಗಿಬಿಡುವುದಿಲ್ಲ ಎಂಬುದನ್ನು ನಾವು ಮರೆಯಬಾರದು.

ಬರೆಯುವವರ ಕಷ್ಟವನ್ನೂ ಹೇಳಬೇಕು. ದಿನವಹಿ ಧಾರಾವಾಹಿಯಲ್ಲಿ ವಾರಕ್ಕೆ ಐದಾರು ಸಂಚಿಕೆ ಪ್ರಸಾರವಾಗುತ್ತವೆ. ಮುಂಗಡವಾಗಿ ಚಿತ್ರೀಕರಿಸಿಟ್ಟುಕೊಂಡ ಸಂಚಿಕೆಗಳ ಬ್ಯಾಂಕ್ ಎಷ್ಟು ದಿನಕ್ಕೆ ಸಾಕಾಗುತ್ತದೆಯೋ ಅಷ್ಟರೊಳಗೆ ಕಥೆಗೆ ಹೊಸ ದಾರಿ ಹುಡುಕಬೇಕು. ಗುರುವಾರ ಬರುವ ಟಿಆರ್‌ಪಿ ಯಾರಿಗೂ ಕಾಯುವುದಿಲ್ಲ. ಸಾವಿನ ಪ್ರೋಮೊ ಒಂದು ವಾರವಂತೂ ಎಲ್ಲರನ್ನೂ ಟಿವಿಯ ಮುಂದೆ ಕೂರಿಸುತ್ತದೆ, ಆದರೆ ಹೊಸ ಮುಖವೆಂದರೆ ಮೊದಲ ವಾರ ಬೈಗುಳವೇ. ಈ ಲೆಕ್ಕ ನನಗೆ ತಿಳಿಯದ್ದಲ್ಲ.

ಆದರೆ ‘ಮುಖ ಬದಲಾದರೆ ಜನ ಒಪ್ಪುವುದಿಲ್ಲ’ ಎಂಬ ಮಾತನ್ನು ನಾನು ನಂಬುವುದಿಲ್ಲ. 2000ದಲ್ಲಿ ಆರಂಭವಾದ ಹಿಂದಿಯ ‘ಕ್ಯೂಂಕಿ ಸಾಸ್ ಭೀ ಕಭೀ ಬಹೂ ಥೀ’ ಇದಕ್ಕೆ ಸಾಕ್ಷಿ. ಅದರಲ್ಲಿ ಕಥಾನಾಯಕ ಮಿಹಿರ್ ಸತ್ತಾಗ ಎದ್ದ ಗದ್ದಲಕ್ಕೆ ಮಣಿದು ಅವನನ್ನು ಬದುಕಿಸಿ ತರಬೇಕಾಯಿತು. ಆಮೇಲೆ ಆ ಪಾತ್ರ ಮಾಡುತ್ತಿದ್ದ ಅಮರ್ ಉಪಾಧ್ಯಾಯ್ ಅವರ ಜಾಗಕ್ಕೆ ಇಂದರ್ ಕುಮಾರ್, ಅವರ ಜಾಗಕ್ಕೆ ರೋನಿತ್ ರಾಯ್ ಬಂದರು. ರೋನಿತ್ ರಾಯ್ ಅವರನ್ನೇ ಮಿಹಿರ್ ಎಂದು ನೆನೆಯುವವರು ಇಂದಿಗೂ ಬಹಳ ಮಂದಿ ಇದ್ದಾರೆ. ಅದೇ ಧಾರಾವಾಹಿಯಲ್ಲಿ ಸ್ಮೃತಿ ಇರಾನಿ ಮಾಡುತ್ತಿದ್ದ ನಾಯಕಿ ತುಳಸಿಯ ಪಾತ್ರಕ್ಕೆ 2007ರಲ್ಲಿ ಗೌತಮಿ ಕಪೂರ್ ಬಂದಾಗ ಅದು ಹೆಚ್ಚು ಕಾಲ ನಿಲ್ಲಲಿಲ್ಲ ಎಂಬುದೂ ನಿಜವೇ. ಅಂದರೆ ಬದಲಾವಣೆ ಸೋಲಬಹುದು. ಸೋತರೂ ಪಾತ್ರ ಬದುಕಿರುತ್ತದೆ, ಹಳೆಯ ಕಲಾವಿದೆ ಮರಳುವ ಬಾಗಿಲು ತೆರೆದಿರುತ್ತದೆ. ಸ್ಮೃತಿ ಇರಾನಿ ಮರಳಿ ಬಂದದ್ದೂ ಹಾಗೆಯೇ.

ಇನ್ನೊಂದು ಉದಾಹರಣೆ ನಮ್ಮದೇ. ‘ಜೊತೆಜೊತೆಯಲಿ’ ಕೂಡ ಆರೂರು ಜಗದೀಶ್ ಅವರದೇ ಧಾರಾವಾಹಿ. 2022ರಲ್ಲಿ ನಾಯಕ ಆರ್ಯವರ್ಧನ್ ಪಾತ್ರ ಮಾಡುತ್ತಿದ್ದ ಅನಿರುದ್ಧ್ ಅದರಿಂದ ಹೊರಬಂದಾಗ, ಅವರಿಲ್ಲದೆ ಕಥೆಯೇ ಇಲ್ಲ ಎಂಬಂತಿತ್ತು. ಅವರ ನರೆಗೂದಲು, ತೂಗಿ ಆಡುವ ಮಾತು, ತನಗಿಂತ ಬಹಳ ಚಿಕ್ಕವಳಾದ ಅನು ಸಿರಿಮನೆಯ ಎದುರು ತೋರುವ ಸಂಕೋಚ, ಇವೆಲ್ಲ ಸೇರಿಯೇ ಆ ಪಾತ್ರವಾಗಿತ್ತು. ಅವರ ಜಾಗಕ್ಕೆ ಹರೀಶ್ ರಾಜ್ ಬಂದರು, ಕಥೆ ಬೇರೊಂದು ಮುಖದೊಂದಿಗೆ ಮುಂದುವರಿದು 2023ರಲ್ಲಿ ಮುಗಿಯಿತು. ಎಲ್ಲರಿಗೂ ಅದು ಹಿಡಿಸಲಿಲ್ಲ, ನನಗೂ ಪೂರ್ತಿ ಹಿಡಿಸಲಿಲ್ಲ. ಆದರೂ ಆ ಧಾರಾವಾಹಿ ಆರ್ಯವರ್ಧನ್‌ನ ತೀರಿಹೋದ ಹೆಂಡತಿ ರಾಜನಂದಿನಿಯ ಪುನರ್ಜನ್ಮದ ಮೇಲೆ ನಿಂತ ಕಥೆ. ಒಂದು ಜೀವ ಇನ್ನೊಂದು ದೇಹದಲ್ಲಿ ಮರಳಿ ಬರಬಹುದು ಎಂದು ಮೊದಲೇ ನಂಬಿಸಿದ್ದರಿಂದ, ಅಲ್ಲಿ ಮುಖದ ಬದಲಾವಣೆಗೆ ಕಥೆಯೊಳಗೇ ಒಂದು ಬೇರು ಇತ್ತು.

ಸ್ನೇಹಾಳ ವಿಷಯದಲ್ಲಿ ಅಂಥ ಬೇರು ಬೇಕಾಗಿಯೂ ಇರಲಿಲ್ಲ. ಅವಳ ಹಟ, ಓದು, ತಾಯಿಯ ಮೇಲಿನ ಅಭಿಮಾನ, ಬಂಗಾರಮ್ಮನೊಂದಿಗಿನ ಜಟಾಪಟಿ ಎಲ್ಲವೂ ಬರವಣಿಗೆಯಲ್ಲೇ ಇದ್ದವು. ಸಂಜನಾ ಅವುಗಳಿಗೆ ಜೀವ ಕೊಟ್ಟರು, ಅದು ಸಣ್ಣ ಮಾತಲ್ಲ. ಆದರೆ ಅವರು ಜೀವ ಕೊಟ್ಟದ್ದು ಗಟ್ಟಿಯಾದ ಪಾತ್ರಕ್ಕೆ, ಇನ್ನೊಬ್ಬರು ಎತ್ತಿಕೊಳ್ಳಬಲ್ಲ ಪಾತ್ರಕ್ಕೆ. ಈ ರಾತ್ರಿ ಒಬ್ಬರ ಕರ್ಣ, ಮುಂದಿನ ಊರಿನಲ್ಲಿ ಇನ್ನೊಬ್ಬರ ಕರ್ಣ ಎಂದು ಯಕ್ಷಗಾನ ನೋಡುತ್ತ ಬಂದವರು ನಾವು. ಅಲ್ಲಿ ಬಣ್ಣವೂ ವೇಷವೂ ಮುಖವನ್ನು ಮರೆಸುತ್ತವೆ, ಟಿವಿಯಲ್ಲಿ ಕಣ್ಣಿನ ಹನಿಯೂ ಕಾಣುತ್ತದೆ. ಹೋಲಿಕೆ ಸಂಪೂರ್ಣವಲ್ಲವೆಂದು ಒಪ್ಪುತ್ತೇನೆ. ಆದರೂ ಪಾತ್ರ ಬೇರೆ, ಪಾತ್ರಧಾರಿ ಬೇರೆ ಎಂಬುದನ್ನು ನಮ್ಮ ಪ್ರೇಕ್ಷಕರಿಗೆ ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ.

ಸಾವಿನ ನಂತರ ನಡೆದದ್ದು ನನ್ನ ಅಭಿಪ್ರಾಯವನ್ನು ಇನ್ನಷ್ಟು ಗಟ್ಟಿ ಮಾಡಿತು. ಸ್ನೇಹಾಳ ಹೃದಯವನ್ನು ಪಡೆದ ಮತ್ತೊಬ್ಬ ಯುವತಿ ಕಥೆಗೆ ಬಂದಳು, ಅವಳ ಹೆಸರೂ ಸ್ನೇಹಾ. ಹೆಸರು ಬೇಕು, ಹೃದಯವೂ ಬೇಕು, ಆ ಜಾಗ ತುಂಬಲು ಹೊಸ ಕಲಾವಿದೆಯೂ ಬೇಕು ಎಂದಾದ ಮೇಲೆ ಪಾತ್ರವನ್ನು ಸಾಯಿಸಿ ಉಳಿಸಿಕೊಂಡದ್ದಾದರೂ ಏನು? ಬಂದ ಹುಡುಗಿ ಕಂಠಿಗೆ ಜೋಡಿಯಾಗಬಹುದು. ಮೆಸ್ಸಿನ ಹೊಗೆಯಲ್ಲಿ ಬೆಂದ ತಾಯಿಯನ್ನು ನೋಡುತ್ತ ಓದಿದವಳು ಅವಳಲ್ಲ, ‘ಹೆಣ್ಣೆಂದು ಬಿಟ್ಟುಹೋದ ಅಪ್ಪ’ ಅವಳಿಗಿಲ್ಲ.

ಜಿಲ್ಲಾಧಿಕಾರಿಯ ಕಾರಿನಿಂದ ಇಳಿದು ಹಸಿದು ಬಂದ ಸ್ನೇಹಾಳಿಗೆ, ಅವಳ ಮುಖ ಯಾರದೇ ಇರಲಿ, ಉಮಾಶ್ರೀ ಅದೇ ಮೆಸ್ಸಿನಲ್ಲಿ ಎಲೆ ಹಾಕಿ, ‘ಬಾ ಮಗಾ, ಕೂತ್ಕೊ’ ಎಂದು ಕರೆದು ಬಡಿಸುವ ಒಂದು ದೃಶ್ಯ ಬಂದಿದ್ದರೆ ಸಾಕಾಗಿತ್ತು. ಪುಟ್ಟಕ್ಕ ಯಾರನ್ನು ಮಗಳೆಂದು ಕರೆಯುತ್ತಾಳೋ ಅವಳನ್ನು ನಾವೂ ಸ್ನೇಹಾ ಎಂದೇ ಕರೆಯುತ್ತಿದ್ದೆವು.