ಮುತ್ತುಗದೆಲೆಯ ತಟ್ಟೆ, ಕಪ್ಪೆ ಕೂತ ಕಪ್

ಮಣ್ಣಿನ ತಟ್ಟೆಯ ಮೇಲೆ ಎಲೆಯ ಅಚ್ಚು ಆಳವಾದಷ್ಟೂ ಚೆಂದ ಅಂದುಕೊಂಡು ಹೊಸಬರು ಹಸಿಮಣ್ಣಿನ ಮೇಲಿಟ್ಟ ಎಲೆಗೆ ಲಟ್ಟಣಿಗೆಯನ್ನು ಬಲವಾಗಿ ಒತ್ತುತ್ತಾರೆ. ಗೋಡೆಗೆ ತೂಗುಹಾಕುವುದಾದರೆ ಸರಿ. ಊಟದ ತಟ್ಟೆಗೆ 1 ಮಿ.ಮೀ.ಗಿಂತ ಆಳ ಬೇಡ. ಗೆರೆಯೊಳಗೆ ಸಾರಿನ ಬೇಳೆ ಒಣಗಿ ಕೂತರೆ ಬ್ರಷ್ಷಿಗೂ ಜಗ್ಗುವುದಿಲ್ಲ.

ಎಲೆಗಳಲ್ಲಿ ಮುತ್ತುಗ ಒಳ್ಳೆಯದು. ಕಡ್ಡಿ ಚುಚ್ಚಿ ಊಟದೆಲೆ ಮಾಡುತ್ತಾರಲ್ಲ, ಅದೇ. ದಪ್ಪ ಎಲೆ, ಹಿಂಬದಿಯ ನರ ಎದ್ದು ನಿಂತಿರುತ್ತದೆ. ಮೂರೆಲೆಗಳಲ್ಲಿ ನಡುವಿನದು ದೊಡ್ಡದು, ಅದನ್ನೇ ಆರಿಸಿ.

ಒಂದು ಕಿಲೋ ಸ್ಟೋನ್‌ವೇರ್ ಮಣ್ಣನ್ನು (ಹೆಚ್ಚು ಶಾಖ ತಡೆದು ಗಟ್ಟಿಯಾಗುವ ಮಣ್ಣು) ನಾದಿ, ಬಟ್ಟೆಯ ಮೇಲಿಟ್ಟು, ಎರಡೂ ಪಕ್ಕ 7 ಮಿ.ಮೀ. ದಪ್ಪದ ಪಟ್ಟಿ ಇಟ್ಟು, ತಿರುವಿ ಹಾಕುತ್ತಾ ಲಟ್ಟಿಸಿ. ಸುಟ್ಟಾಗ ಮಣ್ಣು ಸುಮಾರು 12% ಕುಗ್ಗುವುದರಿಂದ 22 ಸೆಂ.ಮೀ. ತಟ್ಟೆ ಬೇಕಿದ್ದರೆ 25ಕ್ಕೆ ಕತ್ತರಿಸಬೇಕು. ನರದ ಬದಿ ಕೆಳಗಾಗಿ ಎಲೆ ಇಟ್ಟು ಒಂದೇ ಸಲ ಹಗುರವಾಗಿ ಲಟ್ಟಣಿಗೆ ಓಡಿಸಿ. ಬಿಡಿಸುವಾಗ ಚೂರು ಉಳಿದರೆ ಕೆದಕಬೇಡಿ, ಮೊದಲ ಸುಡುವಿಕೆಯಲ್ಲಿ ತಾನೇ ಉರಿದುಹೋಗುತ್ತದೆ.

ತಟ್ಟೆ ಸೊಟ್ಟಗಾಗುವುದಕ್ಕೆ ಬೈಸಿಕೊಳ್ಳುವುದು ಮಣ್ಣು ಸುಡುವ ಗೂಡು. ತಪ್ಪು ನಡೆಯುವುದು ಬಹಳಷ್ಟು ಸಲ ಅದಕ್ಕೂ ಮುಂಚೆ. ಲಟ್ಟಿಸಿದ ಹಸಿಮಣ್ಣಿನ ಹಾಳೆಯನ್ನು ಒಂದು ಮೂಲೆ ಹಿಡಿದು ಎತ್ತಿದರೆ, ಆಮೇಲೆ ಎಷ್ಟೇ ಸಮ ಮಾಡಿದರೂ ಮಣ್ಣು ಆ ಬಾಗನ್ನು ನೆನಪಿಟ್ಟುಕೊಂಡು ಸುಟ್ಟಾಗ ತೋರಿಸುತ್ತದೆ. ಬಟ್ಟೆ ಸಮೇತ ಹಲಗೆಗೆ ಜಾರಿಸಿ. ಅಂಚು ಬೇಗ ಒಣಗುತ್ತದೆ, ಅಲ್ಲಿಗೆ ಪ್ಲಾಸ್ಟಿಕ್ ಹೊದಿಸಿ, ಎರಡು ಹಲಗೆಗಳ ನಡುವೆ ಪೇಪರ್ ಹಾಕಿ ಐದಾರು ದಿನ ಬಿಡಿ. ಮಳೆಗಾಲದ ಮಲೆನಾಡಾದರೆ ಇನ್ನೂ ಹೆಚ್ಚು.

1000 ಡಿಗ್ರಿಯ ಮೊದಲ ಸುಡುವಿಕೆಯ ನಂತರ ಐರನ್ ಆಕ್ಸೈಡನ್ನು ನೀರಲ್ಲಿ ಕಲಸಿ ಬಳಿದು, ಒದ್ದೆ ಸ್ಪಂಜಿನಿಂದ ಒರೆಸಿದರೆ ನರದಲ್ಲಷ್ಟೇ ಕಂದು ಉಳಿಯುತ್ತದೆ. ಮೇಲೆ ಪಾರದರ್ಶಕ ಗ್ಲೇಜ್ (ಸುಟ್ಟಾಗ ಗಾಜಿನಂತಾಗುವ ಲೇಪ), ತೆಳುವಾಗಿ; ದಪ್ಪವಾದರೆ ಗೆರೆಯಲ್ಲಿ ಮಡುಗಟ್ಟಿ ಹಾಲುಹಾಲಾಗುತ್ತದೆ. ಎರಡನೆಯದು 1220ರಿಂದ 1240 ಡಿಗ್ರಿ. ಊರ ಮಡಕೆಯ ಕೆಂಪುಮಣ್ಣನ್ನು ಈ ಶಾಖಕ್ಕೆ ಇಟ್ಟರೆ ಉಬ್ಬಿ ಕುಸಿಯುತ್ತದೆ.

ಇನ್ನು ಕಪ್‌ನ ಹಿಡಿಯ ಮೇಲೆ ಕೂರಿಸುವ ಮಣ್ಣಿನ ಕಪ್ಪೆ. ಪಶ್ಚಿಮ ಘಟ್ಟದ ಮಲಬಾರ್ ಹಾರುವ ಕಪ್ಪೆ ಅಂದರೆ ಎಲ್ಲರಿಗೂ ಬೇಕಿರುವುದು ಬೆರಳ ನಡುವಿನ ಆ ಕೆಂಪು ಪೊರೆ. ಹಾಗೆ ಅಗಲಿಸಿ ಮಾಡಿದ ಮಣ್ಣಿನ ಬೆರಳು ಪಾತ್ರೆ ತೊಳೆಯುವ ಸಿಂಕಿನಲ್ಲಿ ಒಂದು ವಾರ ಬಾಳಿದರೆ ಹೆಚ್ಚು. ಹಗಲಲ್ಲಿ ನಿಜವಾದ ಕಪ್ಪೆ ಕಾಲು ಮುದುಡಿ ಎಲೆಗೆ ಅಂಟಿ ಕೂತಿರುತ್ತದೆ. ಆ ಭಂಗಿ ಹಿಡಿಯ ಮೇಲೆ ಹೆಬ್ಬೆರಳಿಗೆ ಸರಿಯಾಗಿ ಒದಗುತ್ತದೆ. ನೆಲ್ಲಿಕಾಯಿ ಗಾತ್ರ ಸಾಕು. ಕಣ್ಣು ಕೊಂಚ ದೊಡ್ಡದಿರಲಿ, ಗ್ಲೇಜ್ ಮೊನಚನ್ನೆಲ್ಲ ನುಂಗುತ್ತದೆ. ಒಳಗೆ ಪೊಳ್ಳು ಮಾಡಿ, ಕಾಣದ ಕಡೆ ಸೂಜಿತೂತು ಬಿಡಿ. ಸಿಡಿಯುವುದಕ್ಕೆ ಗಾಳಿಗುಳ್ಳೆ ಕಾರಣ ಅನ್ನುತ್ತಾರೆ. ನಿಜವಾಗಿ ಒಡೆಯುವುದು ದಪ್ಪ ಮಣ್ಣಿನೊಳಗೆ ಉಳಿದ ನೀರು ಆವಿಯಾದಾಗ.

ಉಗುರಿನ ಗುರುತು ಬಿದ್ದರೂ ಬಗ್ಗದ ಹದಕ್ಕೆ ಹಿಡಿ, ಕಪ್ಪೆ ಎರಡೂ ಬಂದಮೇಲೆ ಗೀರಿ, ಅದೇ ಮಣ್ಣಿನ ಗಂಜಿ ಹಚ್ಚಿ ಒತ್ತಿ. ಒಣಗಿದ ಹಿಡಿಗೆ ಹಸಿ ಕಪ್ಪೆ ಕೂರಿಸಿದರೆ ಬುಡದಲ್ಲಿ ಕೂದಲೆಳೆಯ ಬಿರುಕು ಗ್ಯಾರಂಟಿ.

ಕಪ್ಪೆಗೆ ತಾಮ್ರದ ಹಸಿರು ಗ್ಲೇಜ್ ಚೆನ್ನಾಗಿ ಒಪ್ಪುತ್ತದೆ, ಆದರೆ ಕಪ್‌ನ ಹೊರಗಷ್ಟೇ ಇರಲಿ. ಹುಳಿ ತಾಗಿದರೆ ತಾಮ್ರ ಬಿಡುವ ಗ್ಲೇಜುಗಳಿವೆ. ಕಪ್‌ನ ಒಳಗೆ ಸೀಸವಿಲ್ಲದ ಬಿಳಿ ಗ್ಲೇಜ್ ಹಾಕಿ, ಸುಟ್ಟ ಮೇಲೆ ಒಂದು ನಿಂಬೆಹೋಳನ್ನು ರಾತ್ರಿಯಿಡೀ ಇಟ್ಟು ನೋಡಿ. ಬಣ್ಣ ಮಾಸಿದ್ದರೆ ಆ ಕಪ್ ಪೆನ್ನಿಡುವುದಕ್ಕೆ.